ಒಂಟಿತನ ಎಂದರೆ ದಿನಕ್ಕೆ 15 ಸಿಗರೇಟ್ ಸೇದಿದಂತೆಯೇ? ಹಿರಿಯರ ಸಂಘಕ್ಕೆ ಕಾಲೇಜು ಹುಡುಗರು ಬಂದರೆ ಏನಾಗುತ್ತದೆ?

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಈ ಫಾರ್ವರ್ಡ್ ಬಂದಿರಬಹುದು. ಕಿಟಕಿ ಪಕ್ಕ ಒಬ್ಬರೇ ಕೂತ ಅಜ್ಜಿಯ ಚಿತ್ರ. ಒಂಟಿತನ ದಿನಕ್ಕೆ 15 ಸಿಗರೇಟ್ ಸೇದಿದ್ದಕ್ಕೆ ಸಮ ಎಂದು ದಪ್ಪ ಅಕ್ಷರದಲ್ಲಿ ಒಂದು ಸಾಲು. ಹೆತ್ತವರ ಮೇಲೆ ಪ್ರೀತಿ ಇದ್ದರೆ ಹತ್ತು ಜನಕ್ಕೆ ಕಳಿಸಿ ಎಂಬ ಕೋರಿಕೆ. ಓದಿದವರಿಗೆ ಒಂದು ಕ್ಷಣ ಎದೆ ಚುರ್ ಎನ್ನುತ್ತದೆ. ಕಳಿಸಿದ ಮೇಲೆ ಏನೋ ಮಾಡಿದ ಸಮಾಧಾನ. ಅಜ್ಜಿ ಮಾತ್ರ ಕಿಟಕಿ ಪಕ್ಕದಲ್ಲೇ ಇರುತ್ತಾರೆ.

ಈ ಲೇಖನದಲ್ಲಿ ನಾವು ಎರಡು ವಿಷಯ ನೋಡೋಣ. ಮೊದಲನೆಯದು, ಸಿಗರೇಟಿನ ಲೆಕ್ಕ ಎಷ್ಟು ಸರಿ? ಎರಡನೆಯದು, ಒಂಟಿತನಕ್ಕೆ ಮದ್ದು ಎಂದು ಹೇಳಲಾಗುವ ‘ಹಿರಿಯರ ಜೊತೆ ಯುವಜನರು’ ಕಾರ್ಯಕ್ರಮಗಳು ನಿಜಕ್ಕೂ ಕೆಲಸ ಮಾಡುತ್ತವೆಯೇ? ತುಮಕೂರು, ಗುಬ್ಬಿ, ಕುಣಿಗಲ್‌ನಂಥ ಊರುಗಳನ್ನು ಕಣ್ಣ ಮುಂದೆ ಇಟ್ಟುಕೊಂಡೇ ಮಾತಾಡೋಣ.

15 ಸಿಗರೇಟಿನ ಲೆಕ್ಕ ಎಲ್ಲಿಂದ ಬಂತು?

2010ರಲ್ಲಿ ಅಮೆರಿಕದ ಮನೋವಿಜ್ಞಾನಿ ಜೂಲಿಯಾನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಸಂಗಡಿಗರು 148 ಅಧ್ಯಯನಗಳನ್ನು ಒಟ್ಟು ಸೇರಿಸಿ ಪರಿಶೀಲಿಸಿದರು. ಅವುಗಳಲ್ಲಿ ಇದ್ದವರು 3 ಲಕ್ಷಕ್ಕೂ ಹೆಚ್ಚು ಜನ. ಗಟ್ಟಿಯಾದ ನಂಟು, ಸ್ನೇಹ, ಒಡನಾಟ ಇದ್ದವರು ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ, ಅದಿಲ್ಲದವರಿಗಿಂತ ಶೇ. 50ರಷ್ಟು ಹೆಚ್ಚು ಎಂದು ಕಂಡುಬಂತು. ಇದು ಎಷ್ಟು ದೊಡ್ಡ ವಿಷಯ ಎಂದು ತೋರಿಸಲು ಅವರು ಧೂಮಪಾನ, ಬೊಜ್ಜು, ವ್ಯಾಯಾಮದ ಕೊರತೆ ಇವುಗಳ ಪಕ್ಕದಲ್ಲಿಟ್ಟು ಹೋಲಿಸಿದರು. 15 ಸಿಗರೇಟಿನ ಮಾತು ಹುಟ್ಟಿದ್ದು ಅಲ್ಲಿ. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದ ವಿವೇಕ್ ಮೂರ್ತಿ ಅವರ ವರದಿಯಲ್ಲೂ ಈ ಹೋಲಿಕೆ ಬಂದಿತು. ಅಲ್ಲಿಂದ ಅದು ನಮ್ಮ ವಾಟ್ಸಾಪಿಗೆ ಬರಲು ತಡವಾಗಲಿಲ್ಲ.

ಫಾರ್ವರ್ಡ್ ಎಡವುವುದು ಎಲ್ಲಿ ಎಂದರೆ, ಆ ಅಧ್ಯಯನ ಅಳೆದಿದ್ದು ಕೇವಲ ‘ಒಂಟಿ ಅನ್ನಿಸುವ ಭಾವನೆ’ಯನ್ನಲ್ಲ. ಎಷ್ಟು ಜನರ ಜೊತೆ ಒಡನಾಟವಿದೆ, ಕಷ್ಟಕ್ಕೆ ಯಾರಾದರೂ ಆಗುತ್ತಾರೆಯೇ, ಒಬ್ಬರೇ ವಾಸವೇ, ಎಲ್ಲವೂ ಅದರಲ್ಲಿ ಬೆರೆತಿದ್ದವು. ಅದೇ ಸಂಶೋಧಕಿ 2015ರಲ್ಲಿ ಇವನ್ನು ಬೇರೆ ಬೇರೆ ಮಾಡಿ ನೋಡಿದಾಗ ಸಾವಿನ ಸಾಧ್ಯತೆ ಒಂಟಿತನದ ಭಾವನೆ ಇದ್ದವರಲ್ಲಿ ಸುಮಾರು ಶೇ. 26, ಸಂಪರ್ಕವೇ ಕಡಿಮೆ ಇದ್ದವರಲ್ಲಿ ಶೇ. 29, ಒಬ್ಬರೇ ವಾಸಿಸುವವರಲ್ಲಿ ಶೇ. 32 ಹೆಚ್ಚು ಎಂದು ಕಂಡಿತು. ದಿನಾ 15 ಸಿಗರೇಟ್ ಸೇದುವವರಲ್ಲಿ ಈ ಅಪಾಯ ಸೇದದವರ ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ಎರಡೂ ಒಂದೇ ಅಲ್ಲ. ಇನ್ನೊಂದು ಮಾತು: ಕಾಯಿಲೆ ಬಿದ್ದವರು ಹೊರಗೆ ಹೋಗುವುದನ್ನು ನಿಲ್ಲಿಸಿ ಒಂಟಿಯಾಗುವುದೂ ಉಂಟು. ಯಾವುದು ಕಾರಣ, ಯಾವುದು ಪರಿಣಾಮ ಎಂದು ಇಂಥ ಅಧ್ಯಯನಗಳಿಂದ ಪೂರ್ತಿ ಬಿಡಿಸಿ ಹೇಳಲು ಬರುವುದಿಲ್ಲ.

ಹಾಗಾದರೆ ಫಾರ್ವರ್ಡ್ ಪೂರ್ತಿ ಸುಳ್ಳೇ? ಅಲ್ಲ. ಹೋಲಿಕೆ ಉತ್ಪ್ರೇಕ್ಷೆ, ವಿಷಯ ನಿಜ. ಒಂಟಿತನ ಮತ್ತು ಸಂಪರ್ಕದ ಕೊರತೆ ಆರೋಗ್ಯಕ್ಕೆ ಹಾನಿ ಮಾಡುತ್ತವೆ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ ಗಂಭೀರವಾಗಿ ತೆಗೆದುಕೊಂಡಿದೆ. ಅದರ ಆಯೋಗ 2025ರಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನಲ್ಲಿ 6 ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ. ಮರೆವಿನ ಕಾಯಿಲೆ ಕುರಿತ ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ನಾವು ತಗ್ಗಿಸಬಹುದಾದ 14 ಅಪಾಯಗಳಲ್ಲಿ ಸಂಪರ್ಕವಿಲ್ಲದ ಬದುಕೂ ಒಂದು. ಕಿವಿ ಕೇಳಿಸದಿರುವುದು, ಕಣ್ಣು ಕಾಣಿಸದಿರುವುದು ಕೂಡ ಆ ಪಟ್ಟಿಯಲ್ಲಿವೆ.

‘ಮನೆ ತುಂಬ ಜನ ಇದ್ದಾರಲ್ಲ, ಒಂಟಿತನ ಎಲ್ಲಿಂದ ಬಂತು?’

ಒಂಟಿತನ ವೃದ್ಧಾಶ್ರಮದಲ್ಲಿರುವವರ ಸಮಸ್ಯೆ, ಕೂಡು ಕುಟುಂಬ ಇದ್ದರೆ ಅದು ಇರುವುದಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. 2017-18ರಲ್ಲಿ ದೇಶಾದ್ಯಂತ 45 ವರ್ಷ ದಾಟಿದ ಸುಮಾರು 72,000 ಜನರನ್ನು ಒಳಗೊಂಡ ‘ಲಾಸಿ’ ಎಂಬ ದೊಡ್ಡ ಸಮೀಕ್ಷೆ ನಡೆಯಿತು. ಅದರ ಪ್ರಕಾರ 60 ದಾಟಿದವರಲ್ಲಿ ಒಬ್ಬರೇ ವಾಸಿಸುವವರು ನೂರಕ್ಕೆ ಸುಮಾರು 6 ಜನ ಮಾತ್ರ. ಮಿಕ್ಕವರು ಯಾರದೋ ಜೊತೆ ಇದ್ದಾರೆ.

ಆದರೆ ಜೊತೆಗಿರುವುದು ಬೇರೆ, ಒಡನಾಟ ಬೇರೆ. ಬೆಳಗಿನ ರೈಲಿನ ಹೊತ್ತಿಗೆ ತುಮಕೂರಿನ ಅಥವಾ ಗುಬ್ಬಿಯ ಸ್ಟೇಷನ್ನಿನಲ್ಲಿ ನಿಂತು ನೋಡಿ. ಬೆಂಗಳೂರು ಇಲ್ಲಿಂದ 70-90 ಕಿಲೋಮೀಟರ್. ಕೆಲಸಕ್ಕೆ, ಕಾಲೇಜಿಗೆ ದಿನಾ ಹೋಗಿ ಬರುವವರು ಕತ್ತಲಿರುವಾಗಲೇ ಮನೆ ಬಿಟ್ಟು, ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಹೆದ್ದಾರಿಯ ಮೇಲಿರುವ ಕುಣಿಗಲ್‌ನಿಂದ ಬಸ್ಸಿನಲ್ಲಿ ಹೋಗುವವರದೂ ಇದೇ ಪಾಡು. ಮನೆಯಲ್ಲಿ ಐದು ಜನ ಇದ್ದರೂ ಬೆಳಗ್ಗೆ ಏಳರಿಂದ ರಾತ್ರಿ ಎಂಟರವರೆಗೆ ತಾತ ಒಬ್ಬರೇ, ಟಿವಿ ಒಂದೇ. ರಾತ್ರಿ ಬಂದವರಿಗೆ ಊಟ ಮಾಡಿ ಮಲಗಿದರೆ ಸಾಕಾಗಿರುತ್ತದೆ. ಇದರಲ್ಲಿ ಯಾರದೂ ತಪ್ಪಿಲ್ಲ. ಹಾಗಾಗಿ ‘ಮಕ್ಕಳು ಕೆಟ್ಟುಹೋದರು’ ಎಂದು ಬೈಯುವ ಫಾರ್ವರ್ಡ್‌ಗಳಿಂದ ಏನೂ ಬದಲಾಗುವುದಿಲ್ಲ.

ಈ ಖಾಲಿ ಹೊತ್ತನ್ನು ಕೆಲವರ ಮಟ್ಟಿಗೆ ಹಿರಿಯ ನಾಗರಿಕರ ಸಂಘಗಳು, ನಿವೃತ್ತ ನೌಕರರ ಸಂಘಗಳು, ಭಜನಾ ಮಂಡಳಿಗಳು ತುಂಬುತ್ತವೆ. ತುಮಕೂರಿನ ಅಮಾನಿಕೆರೆಯಂಥ ಜಾಗದಲ್ಲಿ ಬೆಳಗಿನ ವಾಕಿಂಗ್ ಗೆಳೆಯರ ಗುಂಪೂ ಅಂಥದ್ದೇ. ಇವು ಒಳ್ಳೆಯವು. ಆದರೆ ಇವುಗಳಿಗೆ ಒಂದು ಮಿತಿ ಇದೆ. ಎಲ್ಲರೂ ಹೆಚ್ಚು ಕಡಿಮೆ ಒಂದೇ ವಯಸ್ಸಿನವರು. ಒಬ್ಬರಿಗೆ ಗೊತ್ತಿಲ್ಲದ್ದು ಇನ್ನೊಬ್ಬರಿಗೂ ಗೊತ್ತಿರುವುದಿಲ್ಲ. ಹೊಸ ಆ್ಯಪ್, ಹೊಸ ಅರ್ಜಿ, ಹೊಸ ಬಗೆಯ ಮೋಸ ಬಂದಾಗ ಇದು ದೊಡ್ಡ ಕೊರತೆಯಾಗುತ್ತದೆ.

ಒಂದು ಫೋನ್ ಕರೆ, ಕೇಳಲು ಯಾರೂ ಇಲ್ಲ

ಈಗ ಹೀಗೊಂದು ಸನ್ನಿವೇಶ ಊಹಿಸಿಕೊಳ್ಳಿ. ನಿವೃತ್ತ ಮೇಷ್ಟ್ರೊಬ್ಬರಿಗೆ ಮಧ್ಯಾಹ್ನ ಹನ್ನೆರಡಕ್ಕೆ ವಿಡಿಯೊ ಕರೆ ಬರುತ್ತದೆ. ಆ ಕಡೆ ಪೊಲೀಸ್ ಸಮವಸ್ತ್ರ. ‘ನಿಮ್ಮ ಆಧಾರ್ ಬಳಸಿ ಅಪರಾಧ ನಡೆದಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕರೆ ಕಟ್ ಮಾಡಬೇಡಿ, ಯಾರಿಗೂ ಹೇಳಬೇಡಿ’ ಎನ್ನುತ್ತಾರೆ. ಡಿಜಿಟಲ್ ಅರೆಸ್ಟ್ ಎಂಬುದು ಭಾರತದ ಯಾವ ಕಾನೂನಿನಲ್ಲೂ ಇಲ್ಲ. ಯಾವ ಪೊಲೀಸರೂ ವಿಡಿಯೊ ಕರೆಯಲ್ಲಿ ಬಂಧಿಸುವುದಿಲ್ಲ. ಇದು ಮೇಷ್ಟ್ರಿಗೆ ಗೊತ್ತಿಲ್ಲದಿರಬಹುದು.

ಆ ಕರೆಯಲ್ಲಿ ನಾವು ಗಮನಿಸಬೇಕಾದ ಮಾತು ‘ಯಾರಿಗೂ ಹೇಳಬೇಡಿ’ ಎಂಬುದು. ಮೋಸಗಾರರಿಗೆ ಬೇಕಾದದ್ದು ಒಬ್ಬರೇ ಇರುವ ಮನುಷ್ಯ. ಪಕ್ಕದಲ್ಲಿ ಒಬ್ಬರು ನಿಂತು ‘ಏನದು ತಾತ, ಕೊಡಿ ಇಲ್ಲಿ ನೋಡ್ತೀನಿ’ ಎಂದರೆ ಅವರ ಆಟ ಅಲ್ಲಿಗೇ ಮುಗಿಯುತ್ತದೆ.

ಮಗನಿಗೇ ಫೋನ್ ಮಾಡಬಹುದಲ್ಲ? ಮಾಡಬಹುದು. ಆದರೆ ಹಿಂದೆ ಯಾವಾಗಲೋ ಫೋನಿನ ಬಗ್ಗೆ ಕೇಳಿದಾಗ ‘ನಿಂಗದೆಲ್ಲ ಗೊತ್ತಾಗಲ್ಲ ಬಿಡಪ್ಪ’ ಎಂಬ ಉತ್ತರ ಬಂದಿದ್ದರೆ, ಈ ಸಲ ಬಾಯಿ ಕಟ್ಟುತ್ತದೆ. ಅಪ್ಪ ಮಗನ ನಡುವೆ ಸಂಕೋಚ, ಹಳೆಯ ಲೆಕ್ಕ, ಬೈಸಿಕೊಳ್ಳುವ ಭಯ ಎಲ್ಲ ಇರುತ್ತವೆ. ಹೊರಗಿನ ಹುಡುಗನೊಬ್ಬ ವಾರಕ್ಕೊಮ್ಮೆ ಬಂದು ಹೋಗುವ ಪರಿಚಯಸ್ಥನಾಗಿದ್ದರೆ ಅವನನ್ನು ಕೇಳುವುದು ಎಷ್ಟೋ ಸಲ ಸುಲಭ. ನಾಚಿಕೆಯಿಲ್ಲದೆ ಕೇಳಬಹುದಾದ ಒಬ್ಬ ಎಳೆಯರು ಪ್ರತಿ ಹಿರಿಯರಿಗೂ ಬೇಕು. ಎರಡು ತಲೆಮಾರನ್ನು ಸೇರಿಸುವ ಕಾರ್ಯಕ್ರಮ ಮಾಡಬೇಕಾದ ಮುಖ್ಯ ಕೆಲಸ ಇದೇ ಎಂಬುದು ನಮ್ಮ ಅಭಿಪ್ರಾಯ.

ಬರ್ತ್‌ಡೇಗೆ ಹಣ್ಣು ಹಂಚಿದರೆ ಸಾಲದೇ?

ಈಗ ಹೆಚ್ಚಾಗಿ ನಡೆಯುವುದು ಇದು: ವರ್ಷಕ್ಕೊಮ್ಮೆ, ಹೆಚ್ಚಾಗಿ ಅಕ್ಟೋಬರ್ 1ರ ಹಿರಿಯರ ದಿನದಂದು, ಒಂದಿಷ್ಟು ಯುವಕರು ಬರುತ್ತಾರೆ. ಶಾಲು, ಹಣ್ಣು, ಗ್ರೂಪ್ ಫೋಟೊ. ಹಿರಿಯರಿಗೆ ಸಂತೋಷವಾಗುತ್ತದೆ, ಸುಳ್ಳಲ್ಲ. ಆದರೆ ಮರುದಿನ ಇಬ್ಬರಿಗೂ ಒಬ್ಬರ ಹೆಸರು ಇನ್ನೊಬ್ಬರಿಗೆ ನೆನಪಿರುವುದಿಲ್ಲ.

ಬೇರೆ ಬೇರೆ ಗುಂಪಿನ ಜನ ಹತ್ತಿರವಾಗಲು ಏನು ಬೇಕು ಎಂದು ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ನಾಲ್ಕು ಅಂಶ ಹೇಳಿದ್ದರು. ಇಬ್ಬರಿಗೂ ಸಮಾನ ಸ್ಥಾನ ಇರಬೇಕು, ಗುರಿ ಒಂದೇ ಇರಬೇಕು, ಸೇರಿ ಕೆಲಸ ಮಾಡಬೇಕು, ಬೆನ್ನಿಗೆ ಒಂದು ಸಂಸ್ಥೆ ಇರಬೇಕು. ಹಣ್ಣು ಹಂಚುವುದರಲ್ಲಿ ಒಬ್ಬರು ಕೊಡುವವರು, ಇನ್ನೊಬ್ಬರು ಕೈಯೊಡ್ಡುವವರು. ಮೊದಲ ಅಂಶದಲ್ಲೇ ಅದು ಸೋಲುತ್ತದೆ. ವಯಸ್ಸಿನ ಆಧಾರದ ತಾರತಮ್ಯದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ವರದಿ ಮೂರು ದಾರಿ ಸೂಚಿಸಿತು: ಕಾನೂನು ಮತ್ತು ನೀತಿ, ಶಿಕ್ಷಣ, ಮೂರನೆಯದು ತಲೆಮಾರುಗಳ ನಡುವಿನ ಒಡನಾಟ. ಭೇಟಿ ಬೇರೆ, ಒಡನಾಟ ಬೇರೆ.

ಎಲ್ಲಿ ಏನು ಕೆಲಸ ಮಾಡಿದೆ?

ಅಮೆರಿಕದ ಬಾಲ್ಟಿಮೋರ್‌ನಲ್ಲಿ ‘ಎಕ್ಸ್‌ಪೀರಿಯೆನ್ಸ್ ಕೋರ್’ ಎಂಬ ಕಾರ್ಯಕ್ರಮದಲ್ಲಿ 60 ದಾಟಿದವರು ಪ್ರಾಥಮಿಕ ಶಾಲೆಗಳಿಗೆ ಹೋಗಿ ವಾರಕ್ಕೆ ಸುಮಾರು 15 ಗಂಟೆ ಮಕ್ಕಳಿಗೆ ಓದಲು, ಗ್ರಂಥಾಲಯ ಬಳಸಲು ನೆರವಾದರು. ಈ ಕಾರ್ಯಕ್ರಮದ ಬಗ್ಗೆ 111 ಜನರ ಮಿದುಳಿನ ಸ್ಕ್ಯಾನ್ ಮಾಡಿ ಎರಡು ವರ್ಷ ಗಮನಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ವಯಸ್ಸಾದಂತೆ ಕುಗ್ಗುವ, ನೆನಪಿಗೆ ಸಂಬಂಧಿಸಿದ ಭಾಗ ಪುರುಷ ಸ್ವಯಂಸೇವಕರಲ್ಲಿ ತುಸು ಹಿಗ್ಗಿತ್ತು. ಮಹಿಳೆಯರಲ್ಲಿ ಫಲಿತಾಂಶ ಅಷ್ಟು ಸ್ಪಷ್ಟವಿರಲಿಲ್ಲ. 111 ಸಣ್ಣ ಸಂಖ್ಯೆ, ‘ಶಾಲೆಗೆ ಹೋದರೆ ಮರೆವು ಮಾಯ’ ಎಂದು ಫಾರ್ವರ್ಡ್ ಮಾಡುವಷ್ಟು ಪುರಾವೆ ಇದಲ್ಲ. ಆದರೂ ಒಂದು ಅಂಶ ಗಮನಿಸಿ: ಅಲ್ಲಿ ಹಿರಿಯರು ಸೇವೆ ಪಡೆದವರಲ್ಲ, ಕೊಟ್ಟವರು.

ಜಿಂಬಾಬ್ವೆಯ ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ಶುರು ಮಾಡಿದ ‘ಫ್ರೆಂಡ್‌ಶಿಪ್ ಬೆಂಚ್’ನಲ್ಲಿ ತರಬೇತಿ ಪಡೆದ ಅಜ್ಜಿಯರು ಆಸ್ಪತ್ರೆಯಂಗಳದ ಬೆಂಚಿನ ಮೇಲೆ ಕೂತು ಮನಸ್ಸು ಕುಗ್ಗಿದವರ ಮಾತು ಕೇಳುತ್ತಾರೆ. 573 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೆಂಚಿಗೆ ಬಂದವರಲ್ಲಿ ಆರು ತಿಂಗಳ ನಂತರ ತೊಂದರೆಯ ಲಕ್ಷಣಗಳು ಇತರರಿಗಿಂತ ಕಡಿಮೆ ಇದ್ದವು. ನೆದರ್ಲೆಂಡ್ಸ್‌ನ ಡೆವೆಂಟರ್ ಊರಿನ ಹುಮಾನಿಟಾಸ್ ವೃದ್ಧಾಶ್ರಮದಲ್ಲಿ ವಿದ್ಯಾರ್ಥಿಗಳಿಗೆ ಬಾಡಿಗೆಯಿಲ್ಲದ ಕೋಣೆ ಸಿಗುತ್ತದೆ. ಬದಲಿಗೆ ಅವರು ತಿಂಗಳಿಗೆ 30 ಗಂಟೆ ಹಿರಿಯರಿಗೆ ‘ಒಳ್ಳೆಯ ನೆರೆಯವರು’ ಆಗಿರಬೇಕು.

ನಮ್ಮ ಪಕ್ಕದ ಮಹಾರಾಷ್ಟ್ರದ ಠಾಣೆ ಜಿಲ್ಲೆಯ ಫಾಂಗಣೆ ಹಳ್ಳಿಯಲ್ಲಿ 2016ರ ಮಾರ್ಚ್ 8ರಂದು ಅಜ್ಜಿಯರ ಶಾಲೆಯೇ ಶುರುವಾಯಿತು. ಗುಲಾಬಿ ಸೀರೆಯುಟ್ಟು, ಪಾಟಿಚೀಲ ಹೊತ್ತು, 60 ದಾಟಿದ ಅಜ್ಜಿಯರು ಅಕ್ಷರ ಕಲಿತರು. ವಯಸ್ಸಾದ ಮೇಲೆ ಹೊಸದೇನೂ ತಲೆಗೆ ಹತ್ತುವುದಿಲ್ಲ ಎಂಬುದು ಮಿಥ್ಯೆ. ಕಲಿಯುವ ವೇಗ ಕಡಿಮೆಯಾಗಬಹುದು, ಕಲಿಯುವ ಶಕ್ತಿ ನಿಲ್ಲುವುದಿಲ್ಲ.

ನಮ್ಮ ಜಿಲ್ಲೆಗೂ ಇದು ಹೊಸದಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯಲ್ಲಿ ಹುಡುಗರು ಹಿರಿಯ ನಟರ ಜೊತೆಯಲ್ಲೇ ಉಂಡು, ಮಲಗಿ, ಕೆಲಸ ಮಾಡಿ ಕಲಿತರು. ರಾಜ್‌ಕುಮಾರ್, ಬಾಲಕೃಷ್ಣ, ಬಿ.ವಿ. ಕಾರಂತರಂಥವರು ಆ ಗರಡಿಯಲ್ಲಿ ಪಳಗಿದವರು. ಮೂಡಲಪಾಯದ ಭಾಗವತರಿಂದ ಹುಡುಗರು ಪದ, ಕುಣಿತ ಕಲಿತದ್ದೂ ಹೀಗೆಯೇ.

ಇಲ್ಲಿ ಒಂದು ಎಚ್ಚರಿಕೆ. ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ 111 ವರ್ಷ ಬದುಕಿ 2019ರ ಜನವರಿ 21ರಂದು ಲಿಂಗೈಕ್ಯರಾದರು. ಇಳಿವಯಸ್ಸಿನಲ್ಲೂ ಅವರು ಮಠದ ಸಾವಿರಾರು ಮಕ್ಕಳ ನಡುವೆ ಇದ್ದವರು. ‘ಮಕ್ಕಳ ಜೊತೆ ಇದ್ದದ್ದೇ ದೀರ್ಘಾಯುಷ್ಯದ ಗುಟ್ಟು’ ಎಂಬ ಸಂದೇಶ ಬಂದರೆ ನಂಬಲು ಮನಸ್ಸಾಗುತ್ತದೆ. ಆದರೆ ಒಬ್ಬರ ಬದುಕಿನಿಂದ ಕಾರಣ ಸಾಬೀತಾಗುವುದಿಲ್ಲ. ಆಹಾರ, ದಿನಚರಿ, ಅನುವಂಶಿಕತೆ, ವೈದ್ಯಕೀಯ ಆರೈಕೆ, ಎಲ್ಲವೂ ಅಲ್ಲಿದ್ದವು.

ಹಿರಿಯರೇ ಸುಳ್ಳು ಸುದ್ದಿ ಹಂಚುವುದು ಎಂಬ ಮಾತು ನಿಜವೇ?

2019ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, 2016ರ ಚುನಾವಣೆ ವೇಳೆ 65 ದಾಟಿದವರು ಫೇಸ್‌ಬುಕ್‌ನಲ್ಲಿ ಸುಳ್ಳು ಸುದ್ದಿ ತಾಣಗಳ ಲೇಖನಗಳನ್ನು ಯುವಕರಿಗಿಂತ ಸುಮಾರು ಏಳು ಪಟ್ಟು ಹೆಚ್ಚು ಹಂಚಿದ್ದರು. ಆದರೆ ಅದೇ ಅಧ್ಯಯನದ ಇನ್ನೊಂದು ಮಾತು ಯಾರೂ ಹೇಳುವುದಿಲ್ಲ: ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ ಇಂಥ ಲೇಖನ ಹಂಚಿದವರೇ ಶೇ. 10ಕ್ಕಿಂತ ಕಡಿಮೆ. ಹೆಚ್ಚಿನ ಹಿರಿಯರು ಹಂಚಿರಲೇ ಇಲ್ಲ.

ಕಲಿಸಿದರೆ ಬದಲಾಗುತ್ತದೆಯೇ? ಬದಲಾಗುತ್ತದೆ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹಿರಿಯರು ಸುಮಾರು ಒಂದು ಗಂಟೆಯ ಆನ್‌ಲೈನ್ ಪಾಠ ಪಡೆದರು. ಸುದ್ದಿ ನಿಜವೋ ಸುಳ್ಳೋ ಎಂದು ಸರಿಯಾಗಿ ಗುರುತಿಸುವ ಪ್ರಮಾಣ ಶೇ. 64ರಿಂದ ಶೇ. 85ಕ್ಕೆ ಏರಿತು. ಒಂದು ಗಂಟೆಯ ಪಾಠಕ್ಕೆ ಇಷ್ಟಾದರೆ, ವಾರ ವಾರ ಪಕ್ಕದಲ್ಲಿ ಕೂರುವ ಹುಡುಗಿಯೊಬ್ಬಳು ‘ಅಜ್ಜಿ, ಈ ಫೋಟೊ ಹಳೇದು, ಹೀಗೆ ಹುಡುಕಿ ನೋಡಿ’ ಎಂದು ತೋರಿಸುವುದು ವ್ಯರ್ಥವಾಗಲಾರದು.

ನಮ್ಮೂರಲ್ಲಿ ಮಾಡುವುದಾದರೆ ಹೇಗೆ?

ಇದಕ್ಕೆ ಹೊಸ ಕಟ್ಟಡ, ದೊಡ್ಡ ಅನುದಾನ ಬೇಕಿಲ್ಲ. ಒಂದು ಕಡೆ ಹಿರಿಯರ ಸಂಘಗಳಿವೆ. ಇನ್ನೊಂದು ಕಡೆ 1969ರಿಂದ ನಡೆದು ಬಂದ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್ ಇದೆ. ಅದರ ಸ್ವಯಂಸೇವಕರು ಎರಡು ವರ್ಷದಲ್ಲಿ 240 ಗಂಟೆ, ಅಂದರೆ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ವಾರಕ್ಕೆ 2 ಗಂಟೆಯಂತೆ 30 ವಾರ ಹಿರಿಯರ ಜೊತೆ ಕಳೆದರೆ 60 ಗಂಟೆ. ವರ್ಷದ ಅರ್ಧ ಸೇವೆ ಅಲ್ಲೇ ಆಯಿತು. ಹಳ್ಳಿಗಳಲ್ಲಿ ಕೂರಲು ಗ್ರಾಮ ಪಂಚಾಯಿತಿ ಗ್ರಂಥಾಲಯವೇ ಸಾಕು.

ಶುರು ಮಾಡುವವರು ಈ ಅಂಶಗಳನ್ನು ಗಮನದಲ್ಲಿಡಿ.

ಜೋಡಿ ಬದಲಾಗದಿರಲಿ. ಪ್ರತಿ ವಾರ ಹೊಸ ಮುಖ ಬಂದರೆ ನಂಬಿಕೆ ಬೆಳೆಯುವುದಿಲ್ಲ. ಒಬ್ಬ ಹಿರಿಯರಿಗೆ ಅದೇ ಒಬ್ಬ ವಿದ್ಯಾರ್ಥಿ, ಕನಿಷ್ಠ ಒಂದು ಕಾಲೇಜು ವರ್ಷದ ಮಟ್ಟಿಗೆ.

ಕೊಡುಕೊಳ್ಳುವುದು ಎರಡೂ ಕಡೆಯಿಂದ ಇರಲಿ. ವಿದ್ಯಾರ್ಥಿ ಫೋನ್ ಕಲಿಸಲಿ, ಪಿಂಚಣಿದಾರರ ‘ಜೀವನ್ ಪ್ರಮಾಣ್’ ಅನ್ನು ಫೋನಿನಲ್ಲೇ ಮುಖ ತೋರಿಸಿ ಸಲ್ಲಿಸುವುದು ಹೇಗೆಂದು ತೋರಿಸಲಿ. ನಿವೃತ್ತ ಮೇಷ್ಟ್ರು ಅರ್ಜಿ ಬರೆಯುವುದನ್ನು, ಲೆಕ್ಕವನ್ನು ಕಲಿಸಲಿ. ತೆಂಗು ಅಡಿಕೆ ಬೆಳೆದವರು ತೋಟ ತೋರಿಸಲಿ. ಸೋಬಾನೆ ಪದ ಬಲ್ಲ ಅಜ್ಜಿ ಹಾಡಲಿ, ಹುಡುಗಿ ರೆಕಾರ್ಡ್ ಮಾಡಿಕೊಳ್ಳಲಿ.

ಕೈಯಲ್ಲಿ ಕೆಲಸ ಇರಲಿ. ‘ಸುಮ್ಮನೆ ಮಾತಾಡಿ’ ಎಂದರೆ ಹತ್ತು ನಿಮಿಷಕ್ಕೆ ಮಾತು ಮುಗಿಯುತ್ತದೆ. ಕೆಲಸದ ನಡುವೆ ಮಾತು ತಾನಾಗಿ ಬರುತ್ತದೆ.

ಕಿವಿ, ಕಣ್ಣು ನೋಡಿ. ಸಂಘಕ್ಕೆ ಬರುವುದನ್ನು ನಿಲ್ಲಿಸಿದವರು ಮುನಿಸಿಕೊಂಡಿರಲಿಕ್ಕಿಲ್ಲ, ಕಿವಿ ಕೇಳಿಸದೆ ಇರಬಹುದು. ತಪಾಸಣೆಗೆ ಕರೆದುಕೊಂಡು ಹೋಗುವುದೂ ಸ್ವಯಂಸೇವೆಯೇ. ಮಂಡಿ ನೋವಿನವರ ಮನೆಗೆ ವಿದ್ಯಾರ್ಥಿಯೇ ಹೋಗಬೇಕು. ನಿಜವಾಗಿ ಒಂಟಿಯಾದವರು ಸಂಘದ ಬಾಗಿಲಿಗೆ ಬರುವುದೇ ಕಡಿಮೆ.

ಸುರಕ್ಷತೆ ಮೊದಲು. ಸ್ವಯಂಸೇವಕರು ಹಿರಿಯರ ಪಿನ್, ಓಟಿಪಿ, ಎಟಿಎಂ ಕಾರ್ಡ್ ಕೇಳಬಾರದು, ಮುಟ್ಟಬಾರದು. ಕಲಿಸುವಾಗ ಹಿರಿಯರೇ ಒತ್ತಲಿ. ಮನೆ ಭೇಟಿಗೆ ಇಬ್ಬಿಬ್ಬರಾಗಿ ಹೋಗಲಿ, ಕಾಲೇಜಿಗೂ ಮನೆಯವರಿಗೂ ತಿಳಿದಿರಲಿ.

ಇದರ ಮಿತಿಯನ್ನೂ ಹೇಳಬೇಕು. ಹುಡುಗರ ಒಡನಾಟ ಪಿಂಚಣಿಯ, ಔಷಧದ, ಮನೆಯವರ ಜಾಗ ತುಂಬುವುದಿಲ್ಲ. ಎರಡು ವಾರಕ್ಕೂ ಮೀರಿ ಊಟ, ನಿದ್ರೆ, ಮಾತು ಬಿಟ್ಟವರಿಗೆ ವೈದ್ಯರ ನೆರವು ಬೇಕು. ಆರು ತಿಂಗಳು ಬಂದು ಹೇಳದೆ ಕೇಳದೆ ನಿಂತುಹೋಗುವ ಸ್ವಯಂಸೇವಕನಿಂದ ಹಿರಿಯರಿಗೆ ಮತ್ತಷ್ಟು ನೋವಾಗಬಹುದು. ಬಿಡುವಾಗ ಹೇಳಿ ಬಿಡಿ.

ಫೋನಿನಲ್ಲಿ ಉಳಿಸಿಕೊಳ್ಳಬೇಕಾದ ನಂಬರ್‌ಗಳು

ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ. ಆನ್‌ಲೈನ್ ಹಣ ವಂಚನೆಯಾದರೆ 1930, ಎಷ್ಟು ಬೇಗ ಕರೆ ಮಾಡಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416.

ಮುಂದಿನ ಸಲ ಆ ಕಿಟಕಿ ಪಕ್ಕದ ಅಜ್ಜಿಯ ಫಾರ್ವರ್ಡ್ ಬಂದಾಗ ಹತ್ತು ಜನಕ್ಕೆ ಕಳಿಸಬೇಡಿ. ಈ ಮೂರು ನಂಬರ್‌ಗಳನ್ನು ನಿಮ್ಮ ಮನೆಯ, ಇಲ್ಲವೇ ಪಕ್ಕದ ಮನೆಯ ಒಬ್ಬ ಹಿರಿಯರ ಫೋನಿನಲ್ಲಿ ನೀವೇ ಕೂತು ಸೇವ್ ಮಾಡಿಕೊಡಿ. ಏಳುವ ಮುಂಚೆ ನಿಮಗೆ ಗೊತ್ತಿಲ್ಲದ ಏನಾದರೊಂದನ್ನು ಅವರ ಹತ್ತಿರ ಕೇಳಿ ತಿಳಿದುಕೊಳ್ಳಿ, ಹುರುಳಿ ಕಟ್ಟಿನ ಸಾರು ಮಾಡುವ ಬಗೆಯಾದರೂ ಸರಿ. ಮುಂದಿನ ವಾರ ಮತ್ತೆ ಹೋಗಿ.